ಎರಡನೇ ತಿರುವಿನ ಮೋರಿಕಟ್ಟೆ

ಗೋರ್ವಾ, ಬರೋಡಾ
ಭಾನುವಾರ, 26-6-1966

ಪ್ರೀತಿಯ ಗಿರಿಜಾ,

ಕವರಿನ ಮೇಲಿನ ಅಕ್ಷರ ನೋಡಿಯೇ ನೀನು ಇದನ್ನು ಒಡೆಯದೆ ಇಟ್ಟಿರಬಹುದು. ಇಟ್ಟಿದ್ದರೂ ನಾನು ದೂರುವಂತಿಲ್ಲ. ಒಡೆದಿದ್ದರೆ ಮಾತ್ರ ಕೊನೆಯವರೆಗೆ ಓದು, ನಡುವೆ ಎಲ್ಲೂ ಬಿಡಬೇಡ. ಬಿಟ್ಟು ಓದುವುದರಲ್ಲಿ ನಿನಗಿರುವ ಕೈಚಳಕ ಈಗ ನನಗೆ ಚೆನ್ನಾಗಿ ಗೊತ್ತು.

ಮಧ್ಯಾಹ್ನ ಎರಡು ಗಂಟೆ. ಮಳೆ ಇನ್ನೂ ಇತ್ತ ಸುಳಿದಿಲ್ಲ. ನೆಲಕ್ಕೆ ನೀರು ಚೆಲ್ಲಿ ಒರೆಸಿ, ಬಾಲುವನ್ನು ಚಾಪೆಯ ಮೇಲೆ ಮಲಗಿಸಿ, ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. ಐದು ಸಾಲಿಗೊಮ್ಮೆ ಬಗ್ಗಿ ಅವನ ಮೂಗಿನ ಹತ್ತಿರ ಬೆರಳು ಹಿಡಿಯುತ್ತೇನೆ. ಇವರು ಅದನ್ನು ಕಂಡಾಗೆಲ್ಲ, "ಏನು, ಮೀಟರ್ ನೋಡಿ ಆಯ್ತಾ?" ಎಂದು ಕೇಳಿ ತಮ್ಮ ವಿಮಾ ಕಚೇರಿಯ ಕಡತಕ್ಕೆ ಮರಳುತ್ತಾರೆ. ಒಳ್ಳೆಯ ಮನುಷ್ಯ. ಆದರೆ ದಿಂಬಿಗೆ ತಲೆ ಕೊಟ್ಟ ಕೂಡಲೇ ನಿದ್ದೆ ಹೋಗುವವರ ಹತ್ತಿರ ನಿದ್ದೆ ಬಾರದವರ ಸಂಗತಿ ಎಷ್ಟು ಹೇಳಲಾದೀತು.

ಮೇ ತಿಂಗಳಲ್ಲಿ ನಾನು ಮಡಿಕೇರಿಗೆ ಬಂದದ್ದು, ಇದ್ದದ್ದು, ಹೊರಟದ್ದು ಎಲ್ಲವೂ ನಿನಗೆ ಗೊತ್ತು. ಆದರೂ ನನ್ನ ಕಡೆಯಿಂದ ಅದು ಹೇಗೆ ಕಂಡಿತೆಂದು ನಿನಗೆ ತಿಳಿಯಬೇಕು.

ಬೊಂಬಾಯಿ, ಪುಣೆ, ಬೆಂಗಳೂರು, ಮೈಸೂರು. ನಾಲ್ಕು ದಿನ ಬಾಲು ಅತ್ತ, ನಾನು ಅವನ ಹಣೆ ಮುಟ್ಟಿ ಮುಟ್ಟಿ ನೋಡಿದೆ. ಸುಂಟಿಕೊಪ್ಪ ದಾಟಿದ ಮೇಲೆ ಬಸ್ಸಿನ ಕಿಟಕಿಯಿಂದ ಆ ಗಾಳಿ ಬಂತು ನೋಡು, ಹೂವಿನದೂ ಅಲ್ಲ, ಮಣ್ಣಿನದೂ ಅಲ್ಲ, ನಮ್ಮ ಬೆಟ್ಟದ್ದೇ ಆದ ಗಾಳಿ. ಮಗು ಗಪ್ಪನೆ ಅಳು ನಿಲ್ಲಿಸಿ ಬಾಯಿ ತೆರೆದು ಅದನ್ನು ಕುಡಿಯಿತು. ಹುಟ್ಟಿದ ಮೇಲೆ ಮೊದಲ ಬಾರಿಗೆ ಬೆಟ್ಟದ ತಂಪು ಅಂದರೆ ಏನೆಂದು ಅವನಿಗೆ ತಿಳಿದದ್ದು ಅಲ್ಲಿ. ಬಸ್ ಸ್ಟ್ಯಾಂಡಿನಲ್ಲಿ ನೀನು ನಿಂತಿದ್ದೆ. ಎಕ್ಸ್‌ಚೇಂಜಿನಿಂದ ನೇರ ಬಂದಿದ್ದೆ. ತಲೆಗೂದಲಿನ ಮೇಲೆ ಹೆಡ್‌ಫೋನಿನ ಗೆರೆ ಇನ್ನೂ ಒತ್ತಿಕೊಂಡಿತ್ತು. ನನ್ನನ್ನು ನೋಡುವ ಮೊದಲೇ ಮಗುವನ್ನು ಕಸಿದುಕೊಂಡು, "ಏನಪ್ಪ ಸಾಹೇಬರೇ, ನಿಮ್ಮ ಟ್ರಂಕ್ ಕಾಲ್ ಈಗ ಸಿಕ್ತು" ಅಂದೆ.

ಆಮೇಲೆ ಊರೆಲ್ಲ ಅವನನ್ನು ಬಲ್ಲವರೇ ಆಗಿಬಿಟ್ಟರು. ಬೇಕರಿಯ ಪ್ರೇಮಕ್ಕ, "ಇವನಿಗೆ ಎಡಗಡೆ ಹಲ್ಲು ಮೊದಲು ಬಂತಲ್ವಾ?" ಎಂದು ಕೇಳಿದರು. ಎಸ್ಟೇಟ್ ಮ್ಯಾನೇಜರರ ಹೆಂಡತಿ ಕಾರು ನಿಲ್ಲಿಸಿ ಅವನ ಹೊಟ್ಟೆ ತಟ್ಟಿ ನೋಡಿದರು. ಜನಾರ್ದನ ಡಾಕ್ಟರಂತೂ, "ಓಹೋ, ಬಿಕ್ಕಳಿಕೆ ಹುಡುಗ ಇವನೇನಾ? ಇವನ ದೆಸೆಯಿಂದ ನನ್ನ ಮೈಸೂರು ಕಾಲ್ ಐದು ನಿಮಿಷ ತಡ ಆಗಿತ್ತಮ್ಮ. ಮೊದಲು ಬಿಕ್ಕಳಿಕೆಗೆ ಏನು ಮಾಡ್ಬೇಕು ಹೇಳಿ, ಆಮೇಲೆ ಲೈನ್ ಕೊಡ್ತೀನಿ ಅಂದುಬಿಟ್ಳು ನಿನ್ನ ಸ್ನೇಹಿತೆ" ಎಂದು ನಕ್ಕರು. ನಾನೂ ನಕ್ಕೆ. ಓದು ಬಾರದ ಅಮ್ಮನಿಗೆ ನನ್ನ ಕಾಗದ ಓದಿ ಹೇಳಿ ಉತ್ತರ ಬರೆಯುವವಳು ನೀನೇ ತಾನೇ, ಅಮ್ಮನ ಪರವಾಗಿ ಕೇಳಿದ್ದೀ ಅಂದುಕೊಂಡೆ.

ಮೂರನೆಯ ಸಂಜೆ ರಾಜಾಸೀಟಿಗೆ ಹೋದೆವು. ಕೆಳಗೆ ಕಣಿವೆ, ಮಂಜು ಮೆಲ್ಲಗೆ ಏರುತ್ತಿತ್ತು. ಆ ಕಟಕಟೆಯ ಹತ್ತಿರ ನಿಂತು ನಾನು ನಿನ್ನ ಕಣ್ಣನ್ನೇ ನೋಡುತ್ತಿದ್ದೆ. ಯಾಕೆಂದರೆ ನನ್ನ ನವೆಂಬರಿನ ಕಾಗದ ಓದಿದವಳು ನೀನು. ಇವಳು ಮಗುವನ್ನು ನನ್ನ ಕೈಗೆ ನಂಬಿ ಕೊಡುತ್ತಾಳೋ ಇಲ್ಲವೋ, ಈಗ ತಿಳಿಯುತ್ತದೆ ಅಂದುಕೊಂಡೆ. ನೀನು ಏನೂ ಯೋಚಿಸದವಳಂತೆ ಮಗುವನ್ನು ನನ್ನ ಕೈಗೆ ಕೊಟ್ಟು, "ಹಿಡ್ಕೊಳ್ಳೇ, ಕಡಲೆಕಾಯಿ ತರ್ತೀನಿ" ಎಂದು ಹೊರಟೆ. ಒಮ್ಮೆಯೂ ತಿರುಗಿ ನೋಡಲಿಲ್ಲ. ಬೇಕೆಂದೇ ತಡಮಾಡಿದೆ ಅಂತ ಕಾಣುತ್ತೆ. ನೀನು ಬರುವಷ್ಟರಲ್ಲಿ ನಾನು ಬಾಲುವಿಗೆ ಮಂಜು ತೋರಿಸುತ್ತ ನಿಂತಿದ್ದೆ.

ಆ ನವೆಂಬರಿನ ವಿಷಯವನ್ನು ಒಂದು ಸಲ ನೆಟ್ಟಗೆ ಬರೆದುಬಿಡುತ್ತೇನೆ. ಬಾಣಂತನಕ್ಕೆ ಅಮ್ಮನ ಹತ್ತಿರ ಬರುವುದೆಂದು ಪೆಟ್ಟಿಗೆ ಕೂಡ ಕಟ್ಟಿದ್ದೆ. ಬಾಲು ತಿಂಗಳು ತುಂಬುವ ಮೊದಲೇ ಹುಟ್ಟಿದ. ಸೆಪ್ಟೆಂಬರ್ ಮೊದಲ ವಾರ. ಯುದ್ಧ, ಸೈರನ್ನು, ಕಿಟಕಿಗೆ ಅಂಟಿಸಿದ ಕಪ್ಪು ಕಾಗದ. ಅತ್ತೆ ಇಲ್ಲದ ಮನೆ. ಅಕ್ಟೋಬರಿಗೆ ಬರುತ್ತೇನೆಂದಿದ್ದ ಅಮ್ಮ ಬರಲಿಲ್ಲ. ತಾನು ಅಡುಗೆ ಮಾಡುವ ಹಾಸ್ಟೆಲಿಗೆ ಬದಲಿ ಆಳು ಸಿಗಲಿಲ್ಲವೆಂದು ನಿನ್ನ ಅಕ್ಷರದಲ್ಲಿ ಬರೆಸಿದ್ದಳು. ಐವತ್ತು ಹುಡುಗಿಯರ ಸಾರು ನನಗಿಂತ ಹೆಚ್ಚಾಯಿತೇ ಎಂದು ನನ್ನೊಳಗೆ ಒಂದು ಗಂಟು ಬಿತ್ತು.

ಹೀಗೇ ಒಂದು ಮಧ್ಯಾಹ್ನ, ತರಕಾರಿ ತರುತ್ತೇನೆಂದು ಮಗುವನ್ನು ಪಕ್ಕದ ಮಂಜುಳಾಬೆನ್ ಮಡಿಲಿಗೆ ಹಾಕಿ, ಕುದುರೆಗಾಡಿ ಹತ್ತಿ ಸ್ಟೇಷನ್ನಿಗೆ ಹೋದೆ. ಟಿಕೆಟ್ಟಿನ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಬಾಯಿಗೆ ಬಂದದ್ದು ಪ್ಲಾಟ್‌ಫಾರ್ಮ್ ಟಿಕೆಟ್. ಬೆಂಚಿನ ಮೇಲೆ ಕೂತು ಬೊಂಬಾಯಿ ಗಾಡಿ ಹೋಗುವುದನ್ನು ನೋಡಿ ಹಿಂದಿರುಗಿದೆ. ಎರಡು ಗಂಟೆ ಹೊತ್ತಾಗಿತ್ತು. ಬರಿಗೈಯಲ್ಲಿ ಬಂದವಳನ್ನು ಮಂಜುಳಾಬೆನ್ ಅಡಿಯಿಂದ ಮುಡಿಯವರೆಗೆ ನೋಡಿ, "ಚಿಂತಾ ನ ಕರೋ ಬೆನ್", ಚಿಂತಿಸಬೇಡ ತಂಗಿ, ಎಂದು ನಾಲ್ಕು ಬದನೆಕಾಯಿ ಕೊಟ್ಟು ಕಳಿಸಿದರು.

ಇದನ್ನು ಅಮ್ಮನಿಗೆ ಬರೆದೆ. ಮೇಲ್ಗಡೆ, 'ಗಿರಿಜಾ, ಇದು ಅಮ್ಮನಿಗೆ ಮಾತ್ರ. ನೀನು ಓದಿ ಹೇಳಿ ಮರೆತುಬಿಡು' ಎಂದು ಬರೆದಿದ್ದೆ. ಎಂಥ ಮಾತು ನೋಡು. ಟೆಲಿಫೋನಿನಲ್ಲಿ ಮಾತಾಡುವವರು ನಡುವೆ ಆಪರೇಟರ್ ಇದ್ದಾಳೆಂದು ಮರೆಯುವುದಿಲ್ಲವೇ, ಹಾಗೆ. ನೀನು ಓದುತ್ತೀ ಎಂದು ಗೊತ್ತಿತ್ತು. ಓದಿದವಳಿಗೆ ಏನಾಗುತ್ತದೆಂದು ನಾನು ಯೋಚಿಸಿಯೇ ಇರಲಿಲ್ಲ.

ಹತ್ತು ದಿನಕ್ಕೆ ಅಮ್ಮನ ಉತ್ತರ ಬಂತು. ಅದು ನನಗೆ ಬಾಯಿಪಾಠ:

'ನೀನು ಮೂರು ತಿಂಗಳ ಕೂಸಾಗಿದ್ದಾಗ ನಾನೂ ಒಂದು ದಿನ ನೀರು ತರುತ್ತೇನೆಂದು ಕೊಡ ಎತ್ತಿಕೊಂಡು ಹೊರಟವಳು ನಲ್ಲಿ ದಾಟಿ, ವೀರಾಜಪೇಟೆ ರಸ್ತೆ ಹಿಡಿದು, ಎರಡನೇ ತಿರುವಿನ ಮೋರಿಕಟ್ಟೆಯ ತನಕ ಹೋಗಿದ್ದೆ. ಅಲ್ಲಿ ಕೂತೆ. ಒಂದು ಬಸ್ಸು ಹೋಯಿತು. ಕೈ ಅಡ್ಡ ಹಾಕಲಿಲ್ಲ. ಖಾಲಿ ಕೊಡ ಹೊತ್ತು ಮನೆಗೆ ಬಂದೆ. ವಾಪಸು ಬಂದವಳನ್ನು ಯಾರೂ ಏನೂ ಕೇಳಬಾರದು, ಮಗಳೇ. ನೀನೂ ನಿನ್ನನ್ನು ಕೇಳಿಕೊಳ್ಳಬೇಡ.'

ಗಿರಿಜಾ, ಆ ಚಳಿಗಾಲವನ್ನು ನಾನು ದಾಟಿದ್ದು ಆ ಮೋರಿಕಟ್ಟೆಯ ಮೇಲೆ ಕೂತು. ನನ್ನಂಥ ಕೆಟ್ಟ ತಾಯಿ ಇನ್ನೊಬ್ಬಳಿಲ್ಲ ಅನ್ನಿಸಿದಾಗೆಲ್ಲ ಅಮ್ಮ ಅಲ್ಲಿ ಸ್ವಲ್ಪ ಸರಿದು ಜಾಗ ಕೊಡುತ್ತಿದ್ದಳು.

ಆದ್ದರಿಂದಲೇ ಹೊರಡುವ ಹಿಂದಿನ ದಿನ ಅಡುಗೆಮನೆಯಲ್ಲಿ ಅಮ್ಮನ ಹತ್ತಿರ, ಆ ಮೋರಿಕಟ್ಟೆ ತೋರಿಸು, ಹೋಗಿಬರೋಣ ಅಂದೆ. ಅಮ್ಮ ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತಿ, "ಯಾವ ಮೋರಿಯೇ? ನೀನು ಮೂರು ತಿಂಗಳ ಕೂಸಾಗಿದ್ದಾಗ ನಾನು ತಲೆಬಾಗಿಲು ದಾಟಿರಲಿಲ್ಲ. ನಿಮ್ಮಜ್ಜಿ ಬಿಟ್ಟರೆ ತಾನೇ" ಅಂದಳು. ನಾನು ಟ್ರಂಕಿನಿಂದ ಆ ಕಾಗದ ತಂದು ಓದಿದೆ. ನಾನು ಬರೆದದ್ದನ್ನೂ ಹೇಳಿದೆ. ಅಮ್ಮ, "ಸ್ಟೇಷನ್ನಿಗಾ? ಒಬ್ಬಳೇನಾ?" ಎಂದಷ್ಟೇ ಕೇಳಿ ಮತ್ತೆ ಅಕ್ಕಿಗೆ ಬಗ್ಗಿದಳು. ಬಹಳ ಹೊತ್ತು ಒಂದು ಕಲ್ಲನ್ನೂ ಹೆಕ್ಕಲಿಲ್ಲ.

ಅವತ್ತು ಸಂಜೆ ನೀನು ಪ್ರೇಮಕ್ಕನ ಬೇಕರಿಯ ಪೊಟ್ಟಣ ಹಿಡಿದು ಬಂದೆ. ಅಂಗಳದಲ್ಲೇ ನಿಲ್ಲಿಸಿ ನಾನು ಆಡಿದ ಮಾತು ನಿನಗೂ ನೆನಪಿದೆ. ನನ್ನ ಸಂಕಟದ ಮೇಲೆ ಕತೆ ಕಟ್ಟಲು ನಿನಗೆ ಯಾರು ಹೇಳಿದರು, ಅಮ್ಮನ ಬಾಯಿ ನಿನಗೆ ಯಾರು ಕೊಟ್ಟರು ಎಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ಮದುವೆಯಾಗದವಳಿಗೆ ಹೆತ್ತವಳ ಒಡಲು ಹೇಗೆ ಗೊತ್ತಾಗಬೇಕು ಎಂದೂ ಅಂದೆ. ನೀನು ಪೊಟ್ಟಣವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟೆ. "ಬನ್ ಬಿಸಿ ಇದೆ, ಆರೋದ್ರೊಳಗೆ ತಿನ್ನಿ" ಅಂದೆ. ಹೋದೆ. ಮರುದಿನ ಬಸ್ ಸ್ಟ್ಯಾಂಡಿಗೆ ಬರಲಿಲ್ಲ.

ದಾರಿಯುದ್ದಕ್ಕೂ ನಾನೇ ಸರಿ ಎಂದುಕೊಂಡೇ ಬಂದೆ. ಸೂರತ್ ಸ್ಟೇಷನ್ನಿನಲ್ಲಿ ಬಾಲು ಮೈ ಕುಲುಕಿಸಿ ಬಿಕ್ಕಳಿಸತೊಡಗಿದ. ನನ್ನ ಕೈ ತಾನಾಗಿ ಅವನ ಬೆನ್ನಿನ ಮೇಲೆ ಕೆಳಗಿನಿಂದ ಮೇಲಕ್ಕೆ ಸವರಿತು. ಡಾಕ್ಟರನ್ನು ಕೇಳಿ ಅಮ್ಮನ ಹೆಸರಿನಲ್ಲಿ ನೀನು ಬರೆದಿದ್ದ ಮದ್ದೇ ಅದು. ನಿಂತಿತು. ಅಲ್ಲಿಂದ ಬರೋಡಾದವರೆಗೆ ಯಾರ ಮುಖವನ್ನೂ ನೋಡಲಾಗಲಿಲ್ಲ.

ಆದರೂ ಬರೆಯದೆ ಬಿಂಕದಲ್ಲೇ ಕೂತಿದ್ದೆ. ಮೊನ್ನೆ ಅಮ್ಮನ ಕಾಗದ ಬಂತು, ಗೊತ್ತಿಲ್ಲದ ಅಕ್ಷರದಲ್ಲಿ. ಹಾಸ್ಟೆಲಿನ ಸರಸ್ವತಿ ಎಂಬ ಹುಡುಗಿ, ಅಮ್ಮ ಹೇಳಿದ್ದನ್ನು ಒಂದಕ್ಷರ ಬಿಡದೆ, 'ಹ್ಞೂ, ಇದನ್ನೂ ಬರಿ' ಎಂಬುದನ್ನೂ ಸೇರಿಸಿ ಬರೆದಿದ್ದಾಳೆ. ಹತ್ತು ತಿಂಗಳಲ್ಲಿ ಕಾಗದದಲ್ಲಿ ಅಮ್ಮನ ಸ್ವಂತ ಮಾತು ನನಗೆ ಬಂದದ್ದು ಅದೇ ಮೊದಲು. ಅಮ್ಮ ಹೇಳುತ್ತಾಳೆ:

'ಹೋದ ಅಕ್ಟೋಬರಿನಲ್ಲಿ ನನಗೆ ಎದೆನೋವು ಬಂದು ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದೆ. ಬರೋಡಾಕ್ಕೆ ಬರಲಾರದೆ ಹೋದದ್ದು ಅದಕ್ಕೆ. ಇಂದೂಗೆ ಬರೀಕೂಡದು ಅಂತ ಗಿರಿಜೆ ಕೈಲಿ ಆಣೆ ಹಾಕಿಸಿಕೊಂಡಿದ್ದೆ. ಯಾವ ಆತಂಕದ ಸುದ್ದಿಯೂ ಕಿವಿಗೆ ಬೀಳಬಾರದು ಅಂತ ಜನಾರ್ದನ ಡಾಕ್ಟರು ಅವಳಿಗೆ ಹೇಳಿದ್ದರು. ಪಾಪ, ಎರಡೂ ಕಡೆ ಬಾಯಿ ಕಟ್ಟಿತ್ತು ಅವಳಿಗೆ. ಆದರೆ ನಾನೇನು ದಡ್ಡಿಯೇ? ಓದು ಬಾರದಿದ್ದರೇನು, ಓದುವವರ ಮುಖ ಓದಲು ಬರುತ್ತೆ. ನಾಲ್ಕು ಹಾಳೆ ಕಾಗದ ಒಂದು ಹಾಳೆಯಷ್ಟು ಹೊತ್ತಿಗೆ ಮುಗೀತಿತ್ತು. ನಡುನಡುವೆ ಅವಳಿಗೆ ಬಾಯಾರಿಕೆ. ಅವಳು ನೀರು ಕೇಳಿದ ಕಡೆಯೆಲ್ಲ ನಿನಗೇನೋ ಕಷ್ಟ ಅಂತ ತಿಳ್ಕೊಂಡು ದೇವರಿಗೆ ಕೈಮುಗೀತಿದ್ದೆ. ಕವರು ದಪ್ಪಗಿದ್ದ ದಿನ ಚೊಂಬು ತುಂಬಿಸಿ ಮೊದಲೇ ಪಕ್ಕದಲ್ಲಿ ಇಡ್ತಿದ್ದೆ. ನೀನು ಬೈದ ಮೇಲೆ ಅವಳು ಬಂದಿಲ್ಲ. ಚೊಂಬು ಹಾಗೇ ಇದೆ. ಹ್ಞೂ, ಇದನ್ನೂ ಬರಿ.'

ಅಂಗಳದಲ್ಲಿ ನಾನು ಅಷ್ಟೆಲ್ಲ ಅಂದಾಗ 'ಅಮ್ಮನಿಗೆ ಎದೆನೋವಿತ್ತು' ಎಂದು ಒಂದೇ ಒಂದು ಮಾತು ಹೇಳಿದ್ದರೆ ನನ್ನ ಬಾಯಿ ಮುಚ್ಚುತ್ತಿತ್ತು. ನೀನು ಹೇಳಲಿಲ್ಲ. ಕೊಟ್ಟ ಆಣೆಯನ್ನು ಇಟ್ಟುಕೊಂಡು, ನನ್ನ ಬೈಗಳನ್ನೂ ಇಟ್ಟುಕೊಂಡು, ಬನ್ನು ಬಿಸಿ ಇದೆ ಎಂದು ಹೇಳಿ ಹೋದೆ. ನಾನು ಬಿ.ಎ. ಓದಿದೆ, ಗಿರಿಜಾ. ಎಷ್ಟೋ ದೊಡ್ಡವರ ಚರಿತ್ರೆ ಬರೆದು ಪಾಸು ಮಾಡಿದೆ. ಇಷ್ಟು ದೊಡ್ಡ ಮನಸ್ಸನ್ನು ಎದುರಿಗೆ ನಿಲ್ಲಿಸಿಕೊಂಡೂ ಗುರುತು ಹಿಡಿಯಲಾಗಲಿಲ್ಲ.

ಇನ್ನೊಂದು ವಿಷಯ ಒಪ್ಪಿಕೊಳ್ಳಬೇಕು. ನನಗೆ ಸಿಟ್ಟು ಬಂದದ್ದು ನೀನು ಸುಳ್ಳು ಬರೆದೆ ಎಂದಲ್ಲ. ಆ ಮೋರಿಕಟ್ಟೆಯ ಮೇಲೆ ನಾನು ಒಬ್ಬಳೇ ಆಗಿಬಿಟ್ಟೆನಲ್ಲ ಎಂಬ ಹೆದರಿಕೆ ಅದು. ಅಮ್ಮ ಅಲ್ಲಿ ಕೂತಿರಲಿಲ್ಲ ಎಂದು ತಿಳಿದ ಕೂಡಲೇ ಜಾಗವೆಲ್ಲ ಖಾಲಿಯಾಯಿತು. ಈಗ ಯೋಚಿಸಿದರೆ, ಅಷ್ಟು ಸರಿಯಾಗಿ ಬರೆಯಬೇಕಾದರೆ ಬರೆಯುವವಳು ಅಲ್ಲಿಗೆ ಬಂದು ಪಕ್ಕದಲ್ಲಿ ಕೂತಿರಲೇಬೇಕು. ಹೆತ್ತವಳ ಒಡಲು ನಿನಗೆ ಹೇಗೆ ಗೊತ್ತು ಎಂದು ಕೇಳಿದ್ದೆ. ಗೊತ್ತಿಲ್ಲದೆಯೇ ಬಂದು ಕೂತವಳು ನೀನು. ಅದು ಹೆಚ್ಚಿನದು.

ಈ ಕವರಿನಲ್ಲಿ ಇನ್ನೊಂದು ಹಾಳೆ ಇದೆ, ಅಮ್ಮನಿಗೆ. ಅದನ್ನು ಸರಸ್ವತಿ ಓದಬಾರದು, ನೀನೇ ಹೋಗಿ ಓದಬೇಕು. ಅದರಲ್ಲಿ ಒಳ್ಳೆಯ ಸುದ್ದಿಯೂ ಇದೆ, ಕೆಟ್ಟದ್ದೂ ಇದೆ, ಎಲ್ಲವನ್ನೂ ಓದು. ಗಂಟಲು ಒಣಗಿದರೆ ನೀರು ಕುಡಿ, ಆದರೆ ಮುಂದಿನ ಸಾಲು ಬಿಡಬೇಡ. ಅಮ್ಮನ ಉತ್ತರವನ್ನು ಅವಳು ಹೇಳಿದಂತೆಯೇ ಬರೆ. ಕೊನೆಯಲ್ಲಿ ಎರಡು ಬೆರಳು ಜಾಗ ಬಿಟ್ಟು ನಿನ್ನ ಹೆಸರಿನಲ್ಲಿ ನಿನ್ನದೂ ನಾಲ್ಕು ಸಾಲು ಬರೆ. ನನಗೆ ಈಗ ಇಬ್ಬರ ಕಾಗದವೂ ಬೇಕು. ಬಯ್ಯುವುದಿದ್ದರೆ ಅದರಲ್ಲೇ ಬಯ್ಯಿ.

ಬಾಲು ಎದ್ದ. ಇಷ್ಟು ಬರೆಯುವಷ್ಟರಲ್ಲಿ ಎರಡು ಹಾಳೆ ಅವನ ಮೂಗಿಗೆ ಬೆರಳು ಹಿಡಿಯುವುದನ್ನೇ ಮರೆತಿದ್ದೆ. ಏನೂ ಆಗಿಲ್ಲ. ಹಸಿದಿದ್ದಾನೆ, ಅಷ್ಟೇ.

ನಿನ್ನ ಬಾಗಿಲಲ್ಲಿ ನಿಂತಿರುವ,
ಇಂದುಮತಿ

ಮರೆತಿದ್ದೆ: ಅಮ್ಮನ ಕಾಗದದ ಕೊನೆಯಲ್ಲಿ ನಿನಗೊಂದು ಮಾತಿದೆ. ಇದ್ದಂತೆಯೇ ಇಳಿಸುತ್ತೇನೆ. 'ಡಾಕ್ಟರು ಸಂಜೆ ನಡೀಬೇಕು ಅಂದಿದ್ದಾರೆ. ಮೊನ್ನೆ ಸರಸ್ವತಿಯನ್ನು ಕರ್ಕೊಂಡು, ಕೊಡ ಎತ್ತಿಕೊಂಡು ವೀರಾಜಪೇಟೆ ರಸ್ತೇಲಿ ಹೋದೆ. ಮೋರಿಕಟ್ಟೆ ಎರಡನೇ ತಿರುವಿನಲ್ಲಿ ಇಲ್ಲ, ಮೂರನೇದರಲ್ಲಿದೆ. ಕೊಡ ಕೆಳಗಿಟ್ಟು ಕೂತೆ. ಒಂದು ಬಸ್ಸು ಹೋಯ್ತು. ಕೈ ಅಡ್ಡ ಹಾಕಲಿಲ್ಲ. ಖಾಲಿ ಕೊಡ ತಂದೆ. ಇನ್ನು ಆ ಮಾತು ಸುಳ್ಳಲ್ಲ ಅಂತ ಗಿರಿಜೆಗೆ ಬರಿ. ತಿರುವು ಮಾತ್ರ ತಿದ್ದಿಕೊಳ್ಳಲಿ.'