ಕೆಸರಿನ ನೀಲಿ ಗೆರೆ

ಅಪ್ಪನಿಗೆ ನಮಸ್ಕಾರ.

ಕೆರೆ ತಳಕ್ಕೆ ಪೈಪು ಇಳಿಸಿ ತೆಗೆದ ಕೆಸರನ್ನು ಉದ್ದಕ್ಕೆ ಸೀಳಿ ಪದರ ಎಣಿಸುವುದು ನನ್ನ ಕೆಲಸ. ವರ್ಷಕ್ಕೊಂದು ತೆಳು ಪದರ ಕೂತಿರುತ್ತದೆ. ಭೂಮಿಯಲ್ಲಿ ಮನುಷ್ಯನ ಯುಗ ಎಲ್ಲಿಂದ ಶುರುವೆಂದು ಗೆರೆ ಎಳೆಯಲು ನಮ್ಮ ವಿಜ್ಞಾನಿಗಳು ಜಾಗ ಹುಡುಕುತ್ತಿದ್ದಾರೆ. ಈ ಸಲ ನಮ್ಮೂರ ಕೆರೆಯ ಕೆಸರು ಬಂತು.

ಒಂದು ಕಡೆ ನೀಲಿ ಕಂಡಿತು. ಪೈಪಿನ ಬಣ್ಣ ತಾಗಿದೆಯೆಂದು ಆ ತುಂಡನ್ನು ತೊಳೆದೇಬಿಟ್ಟೆ. ಎರಡನೆಯ ಪೈಪಿನ ಕೆಸರಲ್ಲೂ ಅದೇ ಎತ್ತರದಲ್ಲಿ ಅದೇ ನೀಲಿ. ಊಟಕ್ಕೆ ಕೂತಾಗ ನಿಮ್ಮ ಉಗುರಲ್ಲಿ ದಿನಾ ನೋಡಿದ ಬಣ್ಣ. ನಿಮ್ಮ ಬಟ್ಟೆ ಬಣ್ಣದ ಕಾರ್ಖಾನೆಯ ನೀರನ್ನು ನೀವು ಕೆರೆಗೆ ತಿರುಗಿಸಿದ್ದು ನಾನು ಹುಟ್ಟಿದ ವಾರವೆಂದು ಅಮ್ಮ ಹೇಳುತ್ತಿದ್ದಳು. ಪದರ ಎಣಿಸಿದೆ, ನನ್ನ ವಯಸ್ಸಿಗೆ ಸರಿಹೋಯಿತು. “ಕೆರೆ ಹೊಟ್ಟೆ ದೊಡ್ಡದು, ಏನ್ ಹಾಕಿದ್ರೂ ಅರಗಿಸ್ಕೊಳ್ಳತ್ತೆ” ಅನ್ನುತ್ತಿದ್ದಿರಿ.

ನೀಲಿಯ ಕೆಳಗೆಲ್ಲ ಹುಳು ಕೊರೆದ ತೂತುಗಳಿವೆ. ಮೇಲೆ ಒಂದೂ ಇಲ್ಲ. ಕದಡಲು ಹುಳುವೇ ಇಲ್ಲದೆ ಪದರಗಳು ಪುಸ್ತಕದ ಹಾಳೆಗಳಂತೆ ಅಚ್ಚುಕಟ್ಟಾಗಿವೆ. ಇಲ್ಲಿಯವರಿಗೆ ಬಹಳ ಖುಷಿ. ಗೆರೆ ಇಲ್ಲೇ ಎಳೆಯೋಣ ಅನ್ನುತ್ತಿದ್ದಾರೆ. ಆ ನೀಲಿ ಎಲ್ಲಿಂದ ಬಂತೆಂದು ನಾನಿನ್ನೂ ಅವರಿಗೆ ಹೇಳಿಲ್ಲ. ನೀರು ತಿರುಗಿಸಿದ ತಾರೀಖು ನೆನಪಿದ್ದರೆ ನೀವೇ ಬರೆಯಿರಿ.

ಮೊಮ್ಮಗಳನ್ನು ಈ ರಜೆಗೆ ಕಳಿಸುತ್ತಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಕೆರೆ ಪಕ್ಕದ ನಮ್ಮ ಬಾವಿ ನೀರನ್ನು ಒಂದು ಸೀಸೆಯಲ್ಲಿ ಕಳಿಸಿ. ನನ್ನ ಉತ್ತರ ಬರುವ ತನಕ ನೀವೂ ಅಮ್ಮನೂ ಅದನ್ನು ಕುಡಿಯಬೇಡಿ.

ಅಮ್ಮನ ಉಗುರೂ ನೀಲಿಯಾಗುತ್ತಿದೆ ಎಂದು ಹೋದ ಪತ್ರದಲ್ಲಿ ತಮಾಷೆಗೆ ಬರೆದಿದ್ದಿರಿ. ಅಮ್ಮ ಕಾರ್ಖಾನೆಯೊಳಗೆ ಯಾವತ್ತೂ ಕಾಲಿಟ್ಟವಳಲ್ಲ, ಅಪ್ಪ.

ನಿಮ್ಮ
ಪುಟ್ಟಿ