ಅಡವಯ್ಯನ ತಿರುವು

ಜನವರಿ 6
ಆಟೋದಲ್ಲಿ ಮೈಕ್ ಹಿಡಿದು ಊರಿಗೆ ಮೂರು ಸುತ್ತು. ‘ರಸ್ತೆ ಮೇಲೆ ಒಕ್ಕಣೆ ಮಾಡಿದರೆ ಕೇಸು.’ ಪಂಚಾಯಿತಿ ಬಿಲ್ ಕಲೆಕ್ಟರ್ ಅಂದಮೇಲೆ ಗಂಟಲೂ ಸರ್ಕಾರದ್ದೇ. ಜನ ಹಲ್ಲು ಕಿರಿದರು. ನನಗೂ ನಗು. ನನ್ನ ಹುರುಳಿ ಕಿತ್ತು ಒಣಗಿದೆ. ಮಿಡಿಗೇಶಿ ರಸ್ತೆ ಇರುವಾಗ ಕಣ ಯಾಕೆ? ಬಸ್ಸು, ಲಾರಿ ಪುಕ್ಕಟೆ ತುಳಿದು ಕೊಡುತ್ತವೆ.

ಜನವರಿ 8
ರಸ್ತೆಯಲ್ಲಿ ಮನೆಗೊಂದು ಜಾಗ, ಅಜ್ಜಂದಿರು ಪಾಲು ಮಾಡಿಕೊಟ್ಟ ಹಾಗೆ. ನನ್ನದು ಹುಣಸೆಮರದ ನೆರಳು, ಬಿಸಿಲೇ ಬೀಳದು. ದರಿದ್ರ. ಪಕ್ಕದ ಮನೆ ಅಡವಯ್ಯನದು ರಸ್ತೆ ತಿರುವು, ದಿನವಿಡೀ ಬಿಸಿಲು. ಅವನು ನಾಳೆ ಮೊದಲ ಬಸ್ಸಿಗೆ ಶಿರಾಕ್ಕೆ, ಮಗಳ ಮನೆಗೆ.
‘ನನ್ನ ತಿರುವಲ್ಲೇ ಹರಡ್ಕ ಗಂಗಾಧ್ರಣ್ಣ. ನಂದು ಹಬ್ಬ ಕಳದ್ಮೇಲೆ.’
ಹೆಂಡತಿ ಚಿಕ್ಕಲಕ್ಷ್ಮಮ್ಮ, ‘ತಿರುವಲ್ಲಿ ಬ್ಯಾಡ ಕಣ್ರೀ’ ಎಂದಳು. ಇವಳಿಗೆ ಎಲ್ಲಕ್ಕೂ ಭಯ.

ಜನವರಿ 9, ಸಂಜೆ
ಕತ್ತಲಿರುವಾಗಲೇ ಹರಡಿದೆ. ಯಾರೂ ನೋಡಲಿಲ್ಲ. ಗಾಡಿಗಳು ತಪ್ಪಿಸಿಕೊಂಡು ಹೋಗದಿರಲಿ ಅಂತ ಅಂಚಿಗೆ ಕಲ್ಲಿಟ್ಟೆ — ಮನೆಯ ಒಡೆದ ಒರಳುಕಲ್ಲೂ.
ಒಂಬತ್ತಕ್ಕೆ ಕೂಗು. ಐ.ಡಿ.ಹಳ್ಳಿ ಅಂಗನವಾಡಿ ಟೀಚರ್ ಆಶಾರಾಣಿ. ಸ್ಕೂಟಿ ಹುರುಳಿ ಮೇಲೆ ಜಾರಿದೆ. ತಲೆ ಒರಳಿಗೆ... ಹೆಲ್ಮೆಟ್ ಸೀಟಿನ ಕೆಳಗಿತ್ತು.
ಜನ ಅವಳನ್ನು ಎತ್ತುತ್ತಿದ್ದರು. ನಾನು ಒರಳನ್ನು ಎತ್ತಿ ಪೊದೆಗೆ ಹಾಕಿದೆ.

ಜನವರಿ 13
ಆಶಾರಾಣಿ ತೀರಿಕೊಂಡಳು. ಎರಡು ವರ್ಷದ ಮಗಳಿದ್ದಾಳಂತೆ.
ಊರ ಬಾಯಲ್ಲಿ ಒಂದೇ ಮಾತು: ಅಡವಯ್ಯನ ಜಾಗ, ಹರಡಿ ಬಸ್ಸು ಹತ್ತಿದ್ದಾನೆ. ಶಿರಾದಿಂದ ಬಂದವನನ್ನು ಪೊಲೀಸರು ಸ್ಟೇಷನ್ನಿಗೆ ಕರೆಸಿದರು. ನೋಡಲು ಹೋಗಿದ್ದೆ. ನನ್ನ ಹೆಸರು ಎತ್ತಿಲ್ಲ ಅವನು.
‘ನೀನೇ ಬಂದು ಹೇಳ್ತೀಯ ಅಂತ ಸುಮ್ಕಿದೀನಿ ಕಣಣ್ಣ’ ಅಂದ, ಮೆಲ್ಲಗೆ.
ಮನೆಯಲ್ಲಿ ಇವಳು: ‘ಈಗ್ಲೇ ಹೋಗಿ ಹೇಳ್ಬುಡಿ. ಆ ವಯ್ಯನ ಹೊಟ್ಟೆ ಉರಿಸ್ಬ್ಯಾಡಿ.’
ಮೈಕ್ ಹಿಡಿದವನದೇ ಹುರುಳಿ ಅಂದರೆ ಕೆಲಸ ಹೋಗುತ್ತದೆ. ಜೈಲು ಬೇರೆ. ನಾಳೆ ಹೇಳುತ್ತೇನೆ ಅಂದೆ.

ಜನವರಿ 17
ಹೇಳಲಿಲ್ಲ.
ಇವತ್ತು ಪೊಲೀಸರು ಪಂಚಾಯಿತಿಗೇ ಬಂದರು, ಅಡವಯ್ಯನನ್ನೂ ಕರೆತಂದು. ‘ಆ ತಿರುವಲ್ಲಿ ವರ್ಷಾ ವರ್ಷಾ ಹರಡೋರು ಯಾರ್ರೀ?’ ಕೇಳಿದ್ದು ಅಷ್ಟೇ. ‘ಅಡವಯ್ಯ’ ಅಂದೆ. ಸುಳ್ಳಲ್ಲವಲ್ಲ. ಬರೆದುಕೊಂಡರು, ಸಹಿ ಹಾಕಿದೆ.
ಅಡವಯ್ಯ ಬೈಯಲಿಲ್ಲ. ಒಂದು ಸಲ ನೋಡಿದ. ‘ಮನೇಲಿ ಯಾರೂ ಇಲ್ಲ. ಎಮ್ಮೆಗೆ ನೀರು ಕುಡ್ಸಣ್ಣ’ ಅಂದು ಜೀಪು ಹತ್ತಿದ.
ಥೂ, ನನ್ನ ಜನ್ಮಕ್ಕೆ.

ಜನವರಿ 18, ಬೆಳಿಗ್ಗೆ
ಎಮ್ಮೆಗೆ ನೀರು ಕುಡಿಸಿ ಬಂದೆ. ಇವಳು ಒರಳುಕಲ್ಲನ್ನು ಪೊದೆಯಿಂದ ತಂದು ಬಾಗಿಲಲ್ಲಿ ಇಟ್ಟಿದ್ದಾಳೆ. ದಾಟಿಕೊಂಡೇ ಒಳಗೆ ಬರಬೇಕು.
ಹತ್ತಕ್ಕೆ ಮತ್ತೆ ಮೈಕ್ ಪ್ರಚಾರ. ಓದುವ ಚೀಟಿ ನಾನೇ ಬರೆಯಬೇಕು. ಮೊದಲು ಇಲ್ಲೇ ಬರೆದು ನೋಡುತ್ತೇನೆ —
‘ಗ್ರಾಮಸ್ಥರಿಗೆ ತಿಳಿಸುವುದೇನೆಂದರೆ, ದಿನಾಂಕ ಒಂಬತ್ತರಂದು ಅಡವಯ್ಯನ ತಿರುವಿನಲ್ಲಿ ಹುರುಳಿ ಹರಡಿದ್ದವನು...’