ಬೆನ್ನಿನ ಅಳತೆ

ಅಂಗಡಿಯಿಂದ,
ಶುಕ್ರವಾರ ಮಧ್ಯಾಹ್ನ

ಅಕ್ಕನ ಮನೆಯಲ್ಲಿ ಬೀಡುಬಿಟ್ಟಿರುವ ನನ್ನ ಮಹಾರಾಣಿಗೆ,

ಮೂವತ್ತು ವರ್ಷ ಕತ್ತರಿ ಹಿಡಿದ ಈ ಕೈ ಕಳ್ಳತನಕ್ಕೂ ಇಳಿಯಿತೆಂದು ತಲೆತಗ್ಗಿಸಿ ಒಪ್ಪಿಕೊಳ್ಳುತ್ತೇನೆ. ಕದ್ದ ಮಾಲು: ನಿನ್ನ ಆಸ್ಪತ್ರೆ ಫೈಲಿನಲ್ಲಿದ್ದ ಒಂದು ಪ್ಲಾಸ್ಟಿಕ್ ಹಾಳೆ. ನಿನ್ನ ಎಡ ಹೆಗಲ ಕೆಳಗಿನ ಗಟ್ಟಿ ಕಲೆಯ ಸುತ್ತ ಆ ಚರ್ಮದ ಡಾಕ್ಟರ್ ಎಳೆದ ಗೆರೆ ಅದರಲ್ಲಿದೆ.

ಕಾರಣ, ಹೊಟ್ಟೆಕಿಚ್ಚು. ಮದುವೆಯಾದಾಗಿನಿಂದ ನಿನ್ನ ಅಳತೆ ತೆಗೆದವನು ನಾನೊಬ್ಬನೇ. ಈಗ ತಿಂಗಳಿಗೊಮ್ಮೆ ಇನ್ನೊಬ್ಬ ನಿನ್ನ ಕಲೆಯ ಮೇಲೆ ತನ್ನ ಕಲೆ ತೋರಿಸುತ್ತಾನೆ. ನೀನೋ ಮನೆಗೆ ಬಂದು, ಅವರ ಕೈ ಎಷ್ಟು ಹಗುರ ಅನ್ನುತ್ತೀ. ನನ್ನದೇನು, ಇಸ್ತ್ರಿಪೆಟ್ಟಿಗೆಯೇ?

ಅದಕ್ಕೇ ಅವತ್ತು ನಿನ್ನನ್ನು ಬೋರಲು ಮಲಗಿಸಿ ನಾನೂ ಕಾಗದದ ಮೇಲೆ ಗೆರೆ ಎಳೆದು, ಕತ್ತರಿಸಿ, ಅವನ ಹಾಳೆಯ ಕೆಳಗಿಟ್ಟು ತೋರಿಸಿದೆ. "ನೋಡೇ, ಅರ್ಧ ಇಂಚು ಬೆಳೆದಿದೆ. ಇದೇನಾ ನಿನ್ನ ಡಾಕ್ಟರ ಔಷಧಿ?" ಅಂದೆ. ನೀನು ಅತ್ತುಬಿಟ್ಟೆ. ಔಷಧಿಯೇ ಬೇಡವೆಂದು ಅಕ್ಕನ ಮನೆಗೆ ಹೊರಟೆ.

ನಿನ್ನೆ ಜಗಳಕ್ಕೆಂದೇ ಅವನಲ್ಲಿಗೆ ಹೋದೆ. ಕುರ್ಚಿ ಕೊಟ್ಟು ಪಾಠ ಮಾಡಿದ. ಕಾಯಿಲೆಯ ಹೆಸರು ನನ್ನ ನಾಲಿಗೆಗೆ ಹೊಲಿಗೆ ಹಾಕುವಂಥದ್ದು, ಬಿಡು. ಅಂಟುರೋಗವಲ್ಲವಂತೆ, ಕ್ಯಾನ್ಸರೂ ಅಲ್ಲವಂತೆ. ಚರ್ಮವನ್ನು ಹಿಡಿದಿಡುವ ನಾರನ್ನು ಮೈಯೇ ಅತಿಯಾಗಿ ತಯಾರಿಸಿ ಆ ಜಾಗ ಬಿರುಸಾಗುತ್ತದಂತೆ. ಬಿರುಸಾಗಲೆಂದು ಕಾಲರಿನೊಳಗೆ ಎರಡು ಪದರ ಬಕ್ರಮ್ ಬಟ್ಟೆ ಇಟ್ಟ ಹಾಗೆ ಅಂದುಕೊಂಡೆ. ಮೆತ್ತಗಾಗಲು ವರ್ಷಗಳೇ ಹಿಡಿಯಬಹುದು, ಆದರೆ ಮುಲಾಮು, ಬೆಳಕಿನ ಚಿಕಿತ್ಸೆ ನಡುವೆ ಬಿಡಲೇಬಾರದಂತೆ. ಅಂಚಿನ ನೇರಳೆ ಬಣ್ಣ ಮಾಸಿದ್ದರೆ ಒಳ್ಳೆಯ ಲಕ್ಷಣ ಎಂದ. ಮಾಸಿತ್ತು. ನಾನು ನೋಡಿದ್ದೆ. ನಿನಗೆ ಹೇಳಲು ಹೊಟ್ಟೆಕಿಚ್ಚು ಬಿಡಲಿಲ್ಲ.

ನನ್ನ ಅರ್ಧ ಇಂಚಿನ ಲೆಕ್ಕ ಕೇಳಿ, ಬಣ್ಣ ಮಾಸಿದ್ದರೆ ಕಲೆ ಬೆಳೆದಿರಲಾರದು, ನಿಮ್ಮ ಗೆರೆಯೇ ತಪ್ಪಿರಬೇಕು ಎಂದೂ ಸೇರಿಸಿದ. ನನ್ನ ಗೆರೆ! ಮೂವತ್ತು ವರ್ಷದಲ್ಲಿ ನೂಲೆಳೆಯಷ್ಟೂ ಆಚೀಚೆ ಆಗದ ಗೆರೆ! ಎದ್ದು ಬಂದುಬಿಟ್ಟೆ.

ಆದರೂ ಸೋಮವಾರ ನಿನ್ನ ಚಿಕಿತ್ಸೆಯ ಸರದಿ. ಬಂದುಬಿಡು, ನಾನೇ ಜೊತೆಗೆ ಬರುತ್ತೇನೆ. ಹೊರಗಿನ ಬೆಂಚಿನ ಮೇಲೆ ಕೂತಿರುತ್ತೇನೆ.

ನಿನ್ನ,
ಕೈ ಭಾರದ ಟೈಲರ್

ತಾ.ಕ.: ಲಕೋಟೆ ಅಂಟಿಸುವ ಮೊದಲು ಅವನ ಹಾಳೆ, ನನ್ನ ಕಾಗದ ಎರಡನ್ನೂ ಮತ್ತೆ ಒಂದರ ಮೇಲೊಂದಿಟ್ಟೆ. ಸುತ್ತಲೂ ಸರಿಯಾಗಿ ಅರ್ಧ ಇಂಚು, ಎಲ್ಲೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಯಾವ ಕಾಯಿಲೆಯೂ ಇಷ್ಟು ನೀಟಾಗಿ ಬೆಳೆಯುವುದಿಲ್ಲ. ಅಭ್ಯಾಸಬಲ ಕಣೇ, ಬಟ್ಟೆಗೆ ಬಿಡುವ ಹಾಗೆ ನಿನ್ನ ಬೆನ್ನಿಗೂ ಹೊಲಿಗೆಗೆಂದು ಸುತ್ತ ಅರ್ಧ ಇಂಚು ಬಿಟ್ಟೇ ಕತ್ತರಿಸಿದ್ದೇನೆ. ಡಾಕ್ಟರ ಗೆರೆಯೇ ಸರಿ. ಅವರಿಗೆ ಇದನ್ನು ನೀನೇ ಹೇಳಿಬಿಡು.